ಮಡಿಸಿದ ಕಾಲುಚೀಲ

ಹೊಳೆದಂಡೆಯ ಆಶ್ರಮದಲ್ಲಿ ಕಾಲಿನ ನರದ ರೋಗಕ್ಕೆ ಚಿಕಿತ್ಸೆ ಕೊಡುವ ಗುರುಗಳಿದ್ದರು. ಅವರ ಶಿಷ್ಯ ಸೋಮಯ್ಯ ಬಲು ಚುರುಕು. ಚುರುಕಿನವರ ಕೈಗೆ ಯಂತ್ರ ಸಿಕ್ಕರೆ ಕೇಳಬೇಕೇ!

ಅಡುಗೆಮನೆಯ ಸಾವಂತ್ರವ್ವ ವರ್ಷಗಟ್ಟಲೆ ನಿಂತೇ ರೊಟ್ಟಿ ಬಡಿದವಳು. ಕಾಲಿನ ನರಗಳು ಗಂಟುಗಂಟಾಗಿ ಉಬ್ಬಿ, ಪಾದದ ಮೇಲಿನ ಕೀಲಿನಲ್ಲಿ, ಹರಡಿನ ಹತ್ತಿರ, ಹುಣ್ಣಾಗಿತ್ತು.

ಗುರುಗಳು ಆಚೆ ದಂಡೆಗೆ ಹೋದ ದಿನ ಸೋಮಯ್ಯ ಅವಳಿಗೆ ಉಬ್ಬಿದ ನರ ಒತ್ತಿಹಿಡಿಯುವ ಬಿಗಿ ಕಾಲುಚೀಲ ತೊಡಿಸಿದ. ಚೀಲ ಉದ್ದವಾಯಿತು. ಮಿಕ್ಕಿದ್ದನ್ನು ಅಂಗಿಯ ತೋಳಿನ ಹಾಗೆ ಮೊಣಕಾಲ ಕೆಳಗೆ ಮಡಿಸಿಬಿಟ್ಟ.

ಆಮೇಲೆ ಹರಡಿನ ಹತ್ತಿರ ಚೀಲದೊಳಗೆ ಮೀಟರಿಗೆ ಜೋಡಿಸಿದ ಪುಟ್ಟ ಗಾಳಿಬುರುಡೆ ತೂರಿಸಿ ಚೀಲದ ಒತ್ತಡ ಅಳೆದ. ಮೀಟರಿನ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು.

ಮಧ್ಯಾಹ್ನ ಸಾವಂತ್ರವ್ವ ಕುಂಟುತ್ತಾ ಬಂದಳು.

"ಯಪ್ಪಾ, ಮೊಣಕಾಲ ಕೆಳಗ ಹಗ್ಗ ಬಿಗದಂಗ ಆಗೈತಿ. ಬೆರಳು ಜುಮ್ ಅಂತಾವ."

ಸೋಮಯ್ಯ ಮತ್ತೆ ಅಳೆದ. "ಮುಳ್ಳು ಸರಿಯಾಗೇ ಐತಿ ಯವ್ವಾ. ರೂಢಿ ಆಗ್ತೈತಿ, ಹೋಗು."

ಇಳಿಹೊತ್ತಿಗೆ ಮತ್ತೆ ಬಂದಳು. "ಕಾಲು ನಂದೋ ಅಲ್ಲೋ ಗೊತ್ತಾಗವಲ್ದು."

"ಎಷ್ಟು ಸಲ ಹೇಳ್ಲಿ? ಮುಳ್ಳು ಸರಿಯಾಗೇ ಐತಿ!"

ಸಂಜೆ ಗುರುಗಳು ಬಂದರು. ಅವಳ ಕಾಲ್ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಗುರುಗಳು ಕತ್ತರಿ ತಗೊಂಡು ಚೀಲ ಸೀಳಿದರು. ಮೊಣಕಾಲ ಕೆಳಗೆ, ಮಡಿಕೆ ಇದ್ದ ಕಡೆ, ಬೆರಳು ಹೂತುಹೋಗುವಷ್ಟು ಆಳದ ಗೆರೆ ಬಿದ್ದಿತ್ತು.

ತಣ್ಣಗಾದ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಅಪ್ಪಾರ, ಕಾಲು ಉಳೀತೈತಿಲ್ರೀ?" ಸೋಮಯ್ಯ ಕೇಳಿದ.

ಗುರುಗಳು ಅವಳ ಹೆಬ್ಬೆರಳನ್ನೇ ನೋಡುತ್ತಿದ್ದರು. ಸಾವಂತ್ರವ್ವ ಕಣ್ಣುಮುಚ್ಚಿ ಶಿವಶಿವಾ ಅನ್ನುತ್ತಿದ್ದಳು.

ಎಷ್ಟೋ ಹೊತ್ತಿನ ಮೇಲೆ ಹೆಬ್ಬೆರಳು ಮೆಲ್ಲಗೆ ಕೆಂಪಾಯಿತು.

"ಅಯ್ಯಯ್ಯೋ, ಉರೀತೈತ್ರೀ!" ಅಂತ ಚೀರಿದಳು. ರಕ್ತ ಮತ್ತೆ ಹರಿಯಿತೆಂದು ಗುರುಗಳು ಆಗ ನಿರಾಳವಾಗಿ ಉಸಿರುಬಿಟ್ಟರು.

ಸೋಮಯ್ಯ ಅಳುತ್ತಿದ್ದ. "ಮತ್ತ ಮತ್ತ ಒತ್ತಡ ಅಳದೀನ್ರೀ ಅಪ್ಪಾರ. ತಪ್ಪು ಎಲ್ಲಾತು?"

"ಎಲ್ಲಿ ಅಳದಿ?"

"ಹರಡಿನ ಹತ್ರ. ನೀವು ಕಲಿಸಿದ ಜಾಗದಾಗ."

"ಆಕಿ ನೋವು ಅಂದಿದ್ದೆಲ್ಲಿ?"

ಸೋಮಯ್ಯನ ಕಣ್ಣು ಅವಳ ಮೊಣಕಾಲ ಕೆಳಗಿನ ಗೆರೆಯ ಮೇಲೆ ಹೋಯಿತು.

ಮರುದಿನ ಗುರುಗಳು ಇನ್ನೊಂದು ಚೀಲ ತಂದು ಅವನ ಕಾಲಿಗೇ ತೊಡಿಸಿದರು. ಮೇಲಿನ ಅಂಚನ್ನು ಹಾಗೆಯೇ ಮಡಿಸಿ, ಪಂಕ್ತಿಗೆ ಬಡಿಸಲು ಕಳಿಸಿದರು.

ಊಟ ಮುಗಿಯುವುದರೊಳಗೆ ಸೋಮಯ್ಯ ಗೋಡೆ ಹಿಡಿದುಕೊಂಡು ಬಂದ.

"ಅಪ್ಪಾರ, ತಾಳಂಗಿಲ್ರೀ! ಕಾಲು ಸತ್ತಂಗಾಗೈತಿ, ಬಿಚ್ಚರೀ!"

ಗುರುಗಳು ಅವನ ಹರಡಿನ ಹತ್ತಿರ ಗಾಳಿಬುರುಡೆ ತೂರಿಸಿ, ಮೀಟರನ್ನು ಸಾವಕಾಶವಾಗಿ ನೋಡಿದರು.

"ಮುಳ್ಳು ಸರಿಯಾಗೇ ಐತಲ್ಲಪ್ಪಾ."