ಏಳು ಡಬ್ಬಿಗಳ ಪಾಯಸ

ಬೆಟ್ಟದ ಬುಡದಲ್ಲಿ, ಹೊಳೆಯ ದಂಡೆಗೆ ವಿರಜಾ ತಾಯಿಯವರ ಆಶ್ರಮ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ನಾಗೋಜಿ ಅಲ್ಲಿ ಶಿಷ್ಯನಾಗಿ ಸೇರಿ ಮೂರು ತಿಂಗಳಾಗಿತ್ತು.

ಒಂದು ಬೆಳಿಗ್ಗೆ ಅವನು ಗೋಣಿಚೀಲ ಹೊತ್ತು ಬೆಟ್ಟದಿಂದ ಇಳಿದು ಬಂದ. ತುದಿಯಲ್ಲಿ ಡೇರೆ ಹಾಕಿ ಅಡುಗೆ ಮಾಡಿಕೊಂಡವರು ಬಿಟ್ಟುಹೋದ ಪುಟ್ಟ ಗ್ಯಾಸ್ ಡಬ್ಬಿಗಳು ಅದರಲ್ಲಿದ್ದವು. ಒಟ್ಟು ಏಳು.

"ಬೆಟ್ಟ ಚೊಕ್ಕಟವಾಯಿತು, ತಾಯಿ!" ಎಂದ.

"ಇವನ್ನೇನು ಮಾಡುತ್ತೀ?"

"ಎಲ್ಲ ಖಾಲಿ. ಕಸದ ಗುಂಡಿಗೆ ಹಾಕಿ ಸುಟ್ಟರಾಯಿತು."

ಗುಂಡಿಯಲ್ಲಿ ಒಣ ಎಲೆ ಆಗಲೇ ಉರಿಯುತ್ತಿತ್ತು. ಅವನು ಮೊದಲ ಡಬ್ಬಿ ಎತ್ತಿದ. ತಾಯಿ ಓಡಿ ಬಂದು ಅವನ ಮಣಿಕಟ್ಟು ಹಿಡಿದರು. ಎಪ್ಪತ್ತು ದಾಟಿದ ಅವರು ಓಡಿದ್ದನ್ನು ನಾಗೋಜಿ ಅಲ್ಲಿಯವರೆಗೆ ಕಂಡಿರಲಿಲ್ಲ.

"ಖಾಲಿ ಎಂದು ಯಾರು ಹೇಳಿದರು?"

"ತೂಕವೇ ಇಲ್ಲವಲ್ಲ, ತಾಯಿ."

ತಾಯಿ ಬೆಂಕಿಗೆ ನೀರು ಸುರಿದರು. ಹಿಂದೆ ಯಾರೋ ಚಾರಣಿಗರು ಕೊಟ್ಟಿದ್ದ ಪುಟ್ಟ ಗ್ಯಾಸ್ ಒಲೆಯನ್ನು ಬಯಲಿಗೆ ತಂದು, ಡಬ್ಬಿ ಜೋಡಿಸಿ, ಕಡ್ಡಿ ಗೀರಿದರು. ಭುಸ್ಸೆಂದು ನೀಲಿ ಉರಿ ಎದ್ದಿತು.

"ಹಾಲು ತಾ. ಶಾವಿಗೆ, ಸಕ್ಕರೆಯೂ ಬರಲಿ."

ಮೊದಲ ಡಬ್ಬಿ ಹಾಲನ್ನು ಬಿಸಿ ಮಾಡಿ ಆರಿತು. ಎರಡನೆಯದು ಉಕ್ಕಿಸಿತು. ಮೂರನೆಯದು ನಿಜಕ್ಕೂ ಖಾಲಿ. ನಾಗೋಜಿ ಗೆದ್ದವನಂತೆ ನಕ್ಕ. ನಾಲ್ಕನೆಯದು ಆ ನಗುವನ್ನು ನಿಲ್ಲಿಸಿತು. ಶಾವಿಗೆ ಅರೆಬೆಂದರೂ ಅದು ಉರಿಯುತ್ತಲೇ ಇತ್ತು.

ಉಳಿದವೂ ತಾವಾಗಿ ಆರಿ ತಣ್ಣಗಾಗುವ ಹೊತ್ತಿಗೆ ಪಾಯಸ ಸಿದ್ಧವಾಗಿತ್ತು.

ಅಷ್ಟರಲ್ಲಿ ಗುಜರಿ ಆಯುವ ಖಾಸಿಂಬಿ ಬಂದಳು. ಡಬ್ಬಿ ಕಂಡವಳೇ ಎರಡು ಹೆಜ್ಜೆ ಹಿಂದೆ ಸರಿದಳು.

"ತೂತು ಹಾಕೀರೇನ್ರಿ, ಅಣ್ಣಾರ?"

"ಇಲ್ಲ. ಯಾಕಮ್ಮ?"

ಅವಳು ಸೆರಗು ಸರಿಸಿದಳು. ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ; ನುಣ್ಣನೆಯ ಕಲೆಯಿತ್ತು.

"ಯಾರೋ ಇಂಥಾದ್ದ ಡಬ್ಬಿ ಖಾಲಿ ಅಂತ ಕಸಕ್ಕ ಒಗೆದಿದ್ರು. ಚಪ್ಪಟಿ ಮಾಡಾಕ ಬಡಿದ್ವಿ, ಢಂ ಅಂತು. ಕಣ್ಣು ಉಳೀತು, ಹುಬ್ಬು ಓಡಿಹೋತು. ಇನ್ನೂ ತಿರುಗಿ ಬಂದಿಲ್ಲ ನೋಡ್ರಿ!" ಎಂದು ತಾನೇ ನಕ್ಕಳು.

ನಾಗೋಜಿಗೆ ನಗು ಬರಲಿಲ್ಲ. "ಗುಂಡಿಗೆ ಹಾಕಿದರೆ ಮುಗಿಯಿತು ಎಂದುಕೊಂಡಿದ್ದೆ" ಎಂದ.

ಖಾಸಿಂಬಿ ತನ್ನ ಚೀಲದಿಂದ ಡಬ್ಬಿ ತೂತು ಮಾಡುವ ಸಾಧನ ತೆಗೆದಳು. "ಬರ್ರಿ, ಕಲಿಸ್ತೀನಿ. ಗಾಳಿ ಆಡೋ ಕಡೆ ಕುಂದರ್ರಿ. ಹತ್ರ ಬೆಂಕಿ ಬ್ಯಾಡ. ಕಣ್ಣು ಮಾರಿ ಡಬ್ಬಿಯಿಂದ ದೂರ ಇರಲಿ."

ಒಂದೊಂದಕ್ಕೂ ಅವನೇ ತೂತು ಹಾಕಿದ. ಏಳನೆಯದು ಮುಗಿದಾಗ, ಬಸ್ಸು ಹೊರಡಿಸುವವನಂತೆ, "ರೈಟ್!" ಎಂದು ಕೂಗಿಬಿಟ್ಟ. ಮೂವರೂ ನಕ್ಕರು.

ಪಾಯಸ ಉಂಡು ಖಾಸಿಂಬಿ ಡಬ್ಬಿಗಳನ್ನು ಕಬ್ಬಿಣದ ಗುಜರಿ ತುಂಬುವ ಚೀಲಕ್ಕೆ ಹಾಕಿಕೊಂಡಳು. "ಇನ್ನ ಇವು ಕರಗಿ ಬ್ಯಾರೆ ಸಾಮಾನು ಆಗ್ತಾವ್ರಿ" ಎಂದು ಹೊರಟಳು.

ಅವಳು ಹೋದ ಕಡೆಗೇ ನೋಡುತ್ತಿದ್ದ ನಾಗೋಜಿ ಎದೆ ಉಬ್ಬಿಸಿದ.

"ತಾಯಿ, ನಾಳೆ ಭಾನುವಾರ. ಡೇರೆಯವರು ಬಂದೇ ಬರುತ್ತಾರೆ. ದಾರಿಗೆ ಅಡ್ಡ ನಿಂತು ಒಬ್ಬೊಬ್ಬರಿಗೂ ಬುದ್ಧಿ ಹೇಳುತ್ತೇನೆ."

ತಾಯಿ ಪಾತ್ರೆಯ ತಳ ಬಳಿಯುತ್ತ ಹೇಳಿದರು:

"ಹೇಳು, ಹೇಳು. ಮೊದಲು ಅವರ ಚೀಲ ಹೊತ್ತು ತುದಿ ಮುಟ್ಟಿಸು. ಅಲ್ಲಿ ಕೂತು, ನಿನಗೆ ಉಸಿರು ಬಂದ ಮೇಲೆ ಹೇಳು."