ಕೂತ್ಕೋ ಕಮಾನು

ಕೆಂಚನಕೋಟೆಯ ಹಳೇಪೇಟೆಗೆ ಬಸ್ಸಿನಲ್ಲಿ ಬಂದರೆ ಕಂಡಕ್ಟರು "ಕೂತ್ಕೋ! ಕೂತ್ಕೋ!" ಎಂದು ಕೂಗುತ್ತಾನೆ. ಇಳಿಯಲು ಎದ್ದ ಹೊಸಬರು ಗಾಬರಿಯಾಗಿ ಮತ್ತೆ ಕೂತು, ಇಳಿಯಬೇಕಾದ ಜಾಗ ತಪ್ಪಿಸಿಕೊಂಡು, ಮುಂದಿನ ನಿಲ್ದಾಣವಾದ ಸಂತೆಮಾಳದಿಂದ ನಡೆದು ಬರುತ್ತಾರೆ. ಅವನು ಕೂಗಿದ್ದು ಕಮಾನಿನ ಹೆಸರನ್ನು. ಪುರಾತತ್ವ ಇಲಾಖೆಯವರ ಫಲಕದಲ್ಲಿ 'ಉತ್ತರ ಮಹಾದ್ವಾರ' ಎಂದಿದೆ. ಹಾಗೆಂದು ದಾರಿ ಕೇಳಿದವರಿಗೆ ಊರಲ್ಲಿ ಯಾರೂ ದಾರಿ ತೋರಿಸಿದ್ದಿಲ್ಲ. ಕಲ್ಲಿನ ಕಮಾನು, ಎರಡು ಕಡೆ ಜಗಲಿಕಟ್ಟೆ, ಮೇಲೆ ಅರಸರ ಕಾಲದ ನಗಾರಿಖಾನೆ. ನಗಾರಿ ಹೋಗಿ ಬಹಳ ಕಾಲವಾಯಿತು. ಈಗ ಅಲ್ಲಿರುವ ಹೆಣ್ಣುಮಕ್ಕಳ ಶಾಲೆಯಿಂದ ಮಗ್ಗಿಯ ಸದ್ದು ಬರುತ್ತದೆ, ನಗಾರಿಗಿಂತ ಜೋರಾಗಿ.

ಹಿಂದೆ ಒಮ್ಮೆ, ಪೇಟೆಗೆ ಮೊದಲ ಮೋಟಾರು ಬಸ್ಸು ಬಂದ ಕಾಲದಲ್ಲಿ, ಪುಟ್ಟನಂಜಪ್ಪನವರು ಪುರಸಭೆಯ ಅಧ್ಯಕ್ಷರಾಗಿದ್ದರು. ಬಸ್ಸು ಕಮಾನಿನೊಳಗೆ ತೂರಲಿಲ್ಲ. ಬಸ್ಸನ್ನು ಚಿಕ್ಕದು ಮಾಡಲಾಗದು, ಆದ್ದರಿಂದ ಕಮಾನನ್ನೇ ಕೆಡವಿ ಎಂದರು ಅಧ್ಯಕ್ಷರು. ಕೆಡವಿದರೆ ಮೇಲಿನ ಹೆಣ್ಣುಮಕ್ಕಳ ಶಾಲೆಯೂ ಹೋದಂತೆಯೇ. ಹೆಣ್ಣುಮಕ್ಕಳ ಪಾಠಕ್ಕೆ ಬೇರೆ ಜಾಗ ಕೊಡುವ ಪುಣ್ಯಾತ್ಮರು ಆಗ ಊರಲ್ಲಿ ಇರಲಿಲ್ಲ; ಆ ಮಕ್ಕಳು ಮರುದಿನವೇ ಒಲೆ ಮುಂದೆ ಕೂರಬೇಕಿತ್ತು. ಶಾಲೆ ನಡೆಸುತ್ತಿದ್ದ ಲಿಂಗಾಜಮ್ಮನವರು ಸಭೆ ಕರೆಯಿರಿ, ಜನರನ್ನು ಕೇಳಿ ಎಂದು ಪುರಸಭೆಗೆ ಅಲೆದೇ ಅಲೆದರು. ಆದರೆ ಊರಿನ ಕಟ್ಟಳೆ ಒಂದಿತ್ತು: ಅಧ್ಯಕ್ಷರು ಪೇಟೆಯಲ್ಲಿ ಎಲ್ಲಿ ಕೂತರೂ ಅಲ್ಲೇ ಸಭೆ ಶುರು, ಅವರು ಏಳುವ ತನಕ ಯಾರು ಏನು ಕೇಳಿದರೂ ಉತ್ತರ ಕೊಡಬೇಕು. ಅದಕ್ಕೇ ಪುಟ್ಟನಂಜಪ್ಪನವರು ಕೂರುವುದನ್ನೇ ಬಿಟ್ಟಿದ್ದರು. ಹುಕುಂ ಕೊಡುವುದು ನಿಂತು, ಕಾಫಿ ಕುಡಿಯುವುದು ನಿಂತು. ಕ್ಷೌರವನ್ನೂ ನಿಂತೇ ಮಾಡಿಸಿಕೊಳ್ಳುತ್ತಿದ್ದರು ಎನ್ನುತ್ತಾರೆ; ಅವರ ಪಟ ನೋಡಿದವರು ಅದನ್ನು ನಂಬುತ್ತಾರೆ.

ಹಾರೆ ಗುದ್ದಲಿಯವರ ಜೊತೆ ಅಧ್ಯಕ್ಷರು ಬಂದ ಬೆಳಿಗ್ಗೆ ಲಿಂಗಾಜಮ್ಮನವರು ಮಕ್ಕಳನ್ನೆಲ್ಲ ಕೆಳಗಿಳಿಸಿ ಕಮಾನಿನಡಿ ಪಾಠ ಹೂಡಿದ್ದರು. ಪೇಟೆಯೆಲ್ಲ ನೆರೆದಿತ್ತು. ಕುರ್ಚಿ ತರಿಸಿದರು, ಅಧ್ಯಕ್ಷರು ಒಲ್ಲೆ ಎಂದರು. ಮಜ್ಜಿಗೆ ಕೊಟ್ಟರು, ನಿಂತೇ ಕುಡಿದು ಲೋಟ ಹಿಂದಿರುಗಿಸಿ, ಹಾರೆಯವನಿಗೆ ಕಣ್ಸನ್ನೆ ಮಾಡಿದರು. ಆಗ ಲಿಂಗಾಜಮ್ಮನವರು ಬೆತ್ತದಿಂದ ಜಗಲಿಕಟ್ಟೆ ತೋರಿಸಿ, ದನಿ ಏರಿಸದೆ ಹೇಳಿದರು:

"ಪುಟ್ಟಾ, ಕೂತ್ಕೋ."

ತಮ್ಮ ಅಪ್ಪ ನಡೆಸುತ್ತಿದ್ದ ಕೂಲಿಮಠದಲ್ಲಿ ಈ ಪುಟ್ಟನ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸಿದವರು ಅವರೇ. ಅಧ್ಯಕ್ಷರನ್ನು ಊರಿನ ಮುಂದೆ ಏಕವಚನದಲ್ಲಿ ಕರೆದದ್ದು ಬಾಯಿತಪ್ಪಿ ಎಂದು ಕೆಲವರು ಹೇಳುತ್ತಾರೆ. ಲಿಂಗಾಜಮ್ಮನವರ ಬಾಯಿ ತಪ್ಪಿದ್ದನ್ನು ಕಂಡವರು ಮಾತ್ರ ಯಾರೂ ಇಲ್ಲ. ಪುಟ್ಟನಂಜಪ್ಪನವರ ತಲೆಗೆ ಸಂಗತಿ ತಿಳಿಯುವ ಮೊದಲೇ ಮಂಡಿಗೆ ತಿಳಿದುಹೋಯಿತು. ಕೂತರು, ಕೈ ಕಟ್ಟಿಕೊಂಡೇ ಕೂತರು. ಸಭೆ ಶುರುವಾಯಿತು ಎಂದು ಹಾರೆಯವನೇ ಕೂಗಿದನಂತೆ. ಅವನ ಮಗಳೂ ಅದೇ ಶಾಲೆಯಲ್ಲಿದ್ದಳು. ಆಮೇಲೆ ಒಬ್ಬೊಬ್ಬರದಾಗಿ ಕೇಳಿಕೆ ಶುರುವಾಯಿತು. ಕಮಾನು ಬಿದ್ದರೆ ಮಕ್ಕಳು ಎಲ್ಲಿ ಓದಬೇಕು ಎಂದು ಹೂವಾಡಗಿತ್ತಿ ಕೇಳಿದಳು, ಮಸೀದಿ ಬೀದಿಯ ಸಾಹೇಬರು ಕೇಳಿದರು, ಕೊನೆಗೆ ಬಸ್ಸಿನ ಡ್ರೈವರನೇ ಸುತ್ತಿಕೊಂಡು ಹೋಗಲು ತನಗೇನೂ ಅಡ್ಡಿಯಿಲ್ಲ ಎಂದುಬಿಟ್ಟ. ಅಧ್ಯಕ್ಷರು ಎದ್ದುಬಿಡಬಹುದಿತ್ತು. ಆದರೆ ಲಿಂಗಾಜಮ್ಮನವರು ಹೇಳದೆ ಏಳುವ ಅಭ್ಯಾಸ ಅವರಿಗಿರಲಿಲ್ಲ.

"ಅಮ್ಮಾವ್ರೇ, ಏಳ್ಲಾ?" ಎಂದರು.

"ರಸ್ತೆ ಹೆಂಗೋಗುತ್ತೆ? ಹೇಳಿ ಏಳು."

"ಸುತ್ಕೊಂಡು."

ಇಂದಿಗೂ ರಸ್ತೆ ಕಮಾನಿನ ಹತ್ತಿರ ಬಂದು, ಪಕ್ಕಕ್ಕೆ ಸರಿದು, ಬಳಸಿ ಹೋಗುವುದನ್ನು ನೋಡಬಹುದು. ಆ ಜಗಲಿಕಟ್ಟೆಯ ಕಲ್ಲು ಕೂತು ಕೂತೇ ನುಣುಪಾಗಿದೆ. ಹೊಸ ಅಧ್ಯಕ್ಷರು ಬಂದಾಗಲೆಲ್ಲ ಮೊದಲು ಅಲ್ಲಿ ಒಂದು ಗಳಿಗೆ ಕೂರುವುದು ರೂಢಿ. ಮರೆತವರಂತೆ ದಾಟಿ ಹೋಗುವವರಿಗೆ ಮೇಲಿನ ಕಿಟಕಿಯಿಂದ ಹೆಣ್ಣುಮಕ್ಕಳು ನೆನಪಿಸುತ್ತಾರೆ, ಏಕವಚನದಲ್ಲೇ.