ಬಿಲ್ಲೆಯಿಲ್ಲದ ಸೂಲಗಿತ್ತಿ

"ಗುರುಗಳೇ, ವಿಮಾನ ಹತ್ತುವವನು ತಾನು ಯಾರೆಂದು ಯಾಕೆ ತೋರಿಸಬೇಕು?" ಎಂದು ಅಡವಯ್ಯ ಕೇಳಿದ. ಆ ಬೆಳಿಗ್ಗೆಯಷ್ಟೇ ದೆಹಲಿಯಿಂದ ಮಠಕ್ಕೆ ಮರಳಿದ್ದ. ಸಿಟ್ಟು ಇನ್ನೂ ಇಳಿದಿರಲಿಲ್ಲ. "ಟಿಕೆಟ್ ಇತ್ತು. ಚೀಲ ತಡಕಿ ನೋಡಿದರು, ಸುಮ್ಮನಿದ್ದೆ. ಅದು ಸಾಲದು ಅಂತ ಗುರುತಿನ ಚೀಟಿಯನ್ನೂ ಕೇಳಿದರು. ನಾನೇನು ಕಳ್ಳನೇ?"

ಗುರುಗಳು ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಒಮ್ಮೆ ದರೋಡೆಕೋರರು ಯಾತ್ರಿಕರ ವೇಷದಲ್ಲಿ ಆ ಹೊಳೆ ದಾಟಿ ಒಂದು ಊರನ್ನೇ ಸುಟ್ಟುಹಾಕಿದರು. ಅಂದಿನಿಂದ ಅರಸನ ಮುದ್ರೆಯಿದ್ದ ಬಿಲ್ಲೆ ತೋರಿಸದೆ ಯಾರೂ ದೋಣಿ ಹತ್ತುವಂತಿರಲಿಲ್ಲ.

ಒಂದು ಮಧ್ಯಾಹ್ನ ಆಚೆ ದಡದಿಂದ ಸುದ್ದಿ ಬಂತು. ಸೂಲಗಿತ್ತಿಯ ಮಗಳಿಗೇ ಹೆರಿಗೆ ನೋವು. ಮಗು ಅಡ್ಡ ತಿರುಗಿದೆ. ನಾದುತ್ತಿದ್ದ ಹಿಟ್ಟು ಬಿಟ್ಟು ಅವಳು ಹಾಗೆಯೇ ಓಡಿದಳು. ಹೊಳೆ ಏರುತ್ತಿತ್ತು. ದಡದಲ್ಲಿದ್ದದ್ದು ಕಡೆಯ ದೋಣಿ, ಜನ ತುಂಬಿದ್ದರು. ಹೊಸ ಕಾವಲುಗಾರ ಕೋಲು ಅಡ್ಡ ಹಿಡಿದ.

"ಬಿಲ್ಲೆ?"

"ಮನೆಯಲ್ಲಿದೆ ಅಪ್ಪಾ. ನಾನು ಸೂಲಗಿತ್ತಿ. ನನ್ನ ಮಗಳು ಸಾಯುತ್ತಾಳೆ, ಬಿಡು!"

"ಅವರೂ ಯಾತ್ರಿಕರು ಅಂದಿದ್ದರು, ತಾಯಿ. ಸುಟ್ಟಿದ್ದು ನನ್ನ ಊರನ್ನು."

ಅವನು ಹೇಳಿದ್ದು ತಪ್ಪೆಂದು ಸೂಲಗಿತ್ತಿಗೂ ಅನಿಸಲಿಲ್ಲ. ಮನೆಗೆ ಹೋಗಿ ಬರುವಷ್ಟರಲ್ಲಿ ದೋಣಿ ಇರುವುದಿಲ್ಲ. ಹಿಟ್ಟು ಮೆತ್ತಿದ ಕೈಗಳನ್ನು ಜೋಡಿಸಿ ನಿಂತಳು.

ಆಗ ದೋಣಿಯೊಳಗಿಂದ ಒಬ್ಬ ಎಣ್ಣೆ ವ್ಯಾಪಾರಿ ಎದ್ದ. "ಇವಳನ್ನು ನಾನು ಬಲ್ಲೆ! ನಾನು ಹುಟ್ಟಿದ್ದೇ ಇವಳ ಕೈಯಲ್ಲಿ. ಮೋಸವಾದರೆ ನನ್ನನ್ನು ಹಿಡಿದುಕೋ!"

ಅವನ ಮಾತು ಮುಗಿಯುವ ಮೊದಲೇ ಬುಟ್ಟಿ ಹಿಡಿದ ಹೆಂಗಸೊಬ್ಬಳು ಎದ್ದಳು. "ನನ್ನ ಮಕ್ಕಳೆಲ್ಲ ಹುಟ್ಟಿದ್ದೂ ಇವಳ ಕೈಯಲ್ಲೇ! ನನ್ನನ್ನೂ ಹಿಡಿದುಕೋ!" ಅವಳ ಹಿಂದೆ ಒಬ್ಬ ನೇಕಾರ ಎದ್ದ, ಅವನ ಹೆಂಡತಿ ಎದ್ದಳು, ಇಡೀ ದೋಣಿಯೇ ಎದ್ದು ನಿಂತಿತು. ದೋಣಿ ಒಂದು ಮಗ್ಗುಲಿಗೆ ವಾಲಿತು.

"ಕೂತ್ಕೊಳ್ರಪ್ಪಾ, ಎಲ್ಲರೂ ಮುಳುಗ್ತೀವಿ!" ಎಂದು ಅಂಬಿಗ ಕಿರುಚಿದ. ಯಾರೂ ಕೂರಲಿಲ್ಲ.

ಕಾವಲುಗಾರ ಒಂದೊಂದೇ ಮುಖ ನೋಡಿದ. ಕೋಲನ್ನು ಪಕ್ಕಕ್ಕೆಸೆದ. ಸೂಲಗಿತ್ತಿಯ ರಟ್ಟೆ ಹಿಡಿದು ತಾನೇ ದೋಣಿ ಹತ್ತಿಸಿ, ಸೊಂಟಮಟ್ಟದ ನೀರಿಗೆ ಇಳಿದು ದೋಣಿಯನ್ನು ತಳ್ಳಿದ. ಅವಳು ಅಳುತ್ತಲೇ ನಕ್ಕಳು. ಆಚೆ ದಡದಲ್ಲಿ ಅವಳು ಓಡಿದಳು, ಅವಳ ಹಿಂದೆ ದೋಣಿಯ ಜನವೆಲ್ಲ ಓಡಿದರು. ಹೊತ್ತು ಮುಳುಗುವ ಮೊದಲು ಮಗಳ ಮನೆಯೊಳಗೆ ಮಗು ಅತ್ತಿತು. ತಾಯಿಯೂ ಉಳಿದಳು. ಅಂಗಳದಲ್ಲಿ ಕಾದಿದ್ದವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕೇಕೆ ಹಾಕಿದರು.

ಅಡವಯ್ಯನ ಮುಖ ಅರಳಿತು. ಕುಳಿತಲ್ಲಿಂದ ಎದ್ದೇಬಿಟ್ಟ. "ಅದನ್ನೇ ಗುರುಗಳೇ ನಾನೂ ಹೇಳುವುದು! ಬಿಲ್ಲೆ ಬೇಕಾಗಲೇ ಇಲ್ಲ!"

ಗುರುಗಳು ಕೇಳಿದರು: "ವಿಮಾನದಲ್ಲಿ ನಿನ್ನ ಪಕ್ಕ ಕುಳಿತಿದ್ದವರ ಹೆಸರೇನು?"